ಟೆಸ್ಟರ್ ಮೊದಲು, ಕೈ ಆಮೇಲೆ

ಮಕ್ಕಳೇ, ನಿಮ್ಮ ತರಗತಿಯಲ್ಲಿ ಸ್ವಿಚ್ ಒತ್ತಿದರೆ ಮೇಲಿನ ಫ್ಯಾನು ತಿರುಗುತ್ತದೆ. ಸ್ವಿಚ್ಚಿನಿಂದ ಫ್ಯಾನಿನವರೆಗೆ ವಿದ್ಯುತ್ತು ಯಾವ ದಾರಿಯಲ್ಲಿ ಹೋಯಿತು? ಹಳೆಯ ಶಾಲೆಯಾದರೆ ಗೋಡೆಯ ಮೇಲೆ ಮರದ ಪಟ್ಟಿಯೋ ಪೈಪೋ ಕಾಣುತ್ತದೆ. ಹೊಸ ಕಟ್ಟಡವಾದರೆ ಏನೂ ಕಾಣುವುದಿಲ್ಲ. ದಾರಿ ಗೋಡೆಯ ಒಳಗೆ, ಮೇಲಿನ ಸ್ಲ್ಯಾಬಿನ ಒಳಗೆ ಅಡಗಿರುತ್ತದೆ. ಆ ದಾರಿ ಮಾಡುವುದನ್ನು ಕಲಿಯುತ್ತಿರುವ ಒಬ್ಬ ಹುಡುಗನ ವಿಷಯ ಹೇಳುತ್ತೇನೆ.

ಅವನು ನನ್ನ ಅಕ್ಕನ ಮಗ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದ. 'ಮಾರ್ಕ್ಸ್ ಬರದವರು ಹೋಗುವ ಕೋರ್ಸು' ಎಂದು ಕೆಲವು ನೆಂಟರು ಮೂಗು ಮುರಿದರು. ಈ ಮಾತು ನನಗೆ ಎಂದೂ ಹಿಡಿಸಿಲ್ಲ. ಭೌತವಿಜ್ಞಾನದಲ್ಲಿ ಎಂಎಸ್ಸಿ ಮಾಡಿದ ನಾನು ಓಮನ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದವನು. ಅವನು ಅದನ್ನು ಏಣಿಯ ಮೇಲೆ ನಿಂತು ಬಳಸುತ್ತಾನೆ. ಐಟಿಐ ಮುಗಿಸಿದವರು ಕೆಲಸದ ಜಾಗದಲ್ಲೇ ಕಲಿಯಲೆಂದು ಅಪ್ರೆಂಟಿಸ್ ತರಬೇತಿ ಇದೆ. ಅದಕ್ಕಾಗಿ ನಮ್ಮ ದೇಶದಲ್ಲಿ 1961ರಲ್ಲೇ ಕಾಯಿದೆ ಬಂದಿದೆ. ಹೆಣ್ಣುಮಕ್ಕಳೂ ಸೇರಬಹುದು.

ಅಪ್ರೆಂಟಿಸ್ ಆಗಿ ಸೇರಿದ ಮೊದಲ ತಿಂಗಳು ಅವನಿಗೆ ತಂತಿ ಮುಟ್ಟಲೂ ಬಿಡಲಿಲ್ಲ. ಪೈಪು ಹೊರು, ಏಣಿ ಹಿಡಿ, ಸಾಮಾನು ಎಣಿಸಿಡು, ಇಷ್ಟೇ. ಎರಡನೇ ತಿಂಗಳು ಹೊಸ ಕಟ್ಟಡದ ಸೆಂಟ್ರಿಂಗ್ ಮೇಲೆ ಹತ್ತಿಸಿದರು. ಸ್ಲ್ಯಾಬಿಗೆ ಕಾಂಕ್ರೀಟು ಸುರಿಯುವ ಮೊದಲೇ ಕಬ್ಬಿಣದ ಸರಳುಗಳ ನಡುವೆ ಪಿವಿಸಿ ಪೈಪು ಕೂರಿಸಬೇಕು. ಫ್ಯಾನ್ ಬರುವ ಕಡೆ ಕೊಕ್ಕೆ ಇರುವ ಡಬ್ಬಿ ಇಡಬೇಕು. ಪೈಪಿನ ಬಾಯಿಗೆ ಕಾಗದ ತುರುಕಬೇಕು. ಈ ಕಾಗದದ ಉಂಡೆ ನಗುವ ವಿಷಯವಲ್ಲ! ಅದಿಲ್ಲದಿದ್ದರೆ ಸಿಮೆಂಟಿನ ಹಾಲು ಒಳಗೆ ಇಳಿದು ಗಟ್ಟಿಯಾಗುತ್ತದೆ. ಆಮೇಲೆ ತಂತಿ ತೂರಿಸಲು ಹೋದರೆ ದಾರಿ ಇರುವುದಿಲ್ಲ, ಗಟ್ಟಿಯಾದ ಸ್ಲ್ಯಾಬನ್ನೇ ಕೊರೆಯಬೇಕು.

ಗೋಡೆಗಳಾದ ಮೇಲೆ ತಂತಿ ಎಳೆಯುವ ಕೆಲಸ. ದೀಪಗಳಿಗೆ ಸಾಮಾನ್ಯವಾಗಿ 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ, ಸಾಕೆಟ್ಟುಗಳಿಗೆ 2.5, ನೀರು ಕಾಯಿಸುವ ಗೀಸರಿಗೆ 4. ಹೆಚ್ಚು ವಿದ್ಯುತ್ತು ಹರಿಯುವ ಕಡೆ ದಪ್ಪ ತಂತಿ ಏಕೆ? ತಂತಿ ತೆಳುವಾದಷ್ಟೂ ಅದರ ರೋಧ ಹೆಚ್ಚು, ರೋಧ ಹೆಚ್ಚಾದರೆ ಬಿಸಿಯೂ ಹೆಚ್ಚು. ಬಿಸಿಯಾದ ತಂತಿಯ ಹೊದಿಕೆ ಗೋಡೆಯೊಳಗೇ ಕರಗಿದರೆ ಯಾರಿಗೂ ಕಾಣುವುದಿಲ್ಲ. ಪೈಪಿನ ಒಳಗೆ ತಂತಿಗೆ ತಂತಿ ಗಂಟು ಹಾಕಬಾರದು ಎಂಬ ಕಟ್ಟುನಿಟ್ಟೂ ಇದಕ್ಕಾಗಿಯೇ. ಸಡಿಲವಾದ ಗಂಟು ಬಿಸಿಯಾಗುತ್ತದೆ, ನೋಡಿ ಸರಿಪಡಿಸಲು ಕೈ ಹೋಗುವುದಿಲ್ಲ. ನ್ಯೂಟ್ರಲ್ ತಂತಿಗೆ ಕಪ್ಪು, ಅರ್ಥಿಂಗಿಗೆ ಹಸಿರು ಬಣ್ಣ ಬಳಸುತ್ತಾರೆ. ಉಳಿದ ಕೆಂಪು, ಹಳದಿ, ನೀಲಿ ಮೂರು ಫೇಸ್‌ಗಳಿಗೆ. ಮುಂದೆ ಯಾರೋ ರಿಪೇರಿಗೆ ಬರುತ್ತಾರಲ್ಲ, ಆ ಗುರುತಿಲ್ಲದವರಿಗೆ ಬರೆದಿಟ್ಟ ಪತ್ರ ಈ ಬಣ್ಣ.

ಕಟ್ಟುವ ಕೆಲಸಕ್ಕಿಂತ ರಿಪೇರಿ ಕೆಲಸ ಹೆಚ್ಚು ಅಪಾಯದ್ದು. ಹೊಸ ಕಟ್ಟಡದ ತಂತಿಯಲ್ಲಿ ವಿದ್ಯುತ್ತೇ ಇರುವುದಿಲ್ಲ. ಹಳೆಯದರಲ್ಲಿ ಯಾರು, ಯಾವಾಗ, ಏನು ಜೋಡಿಸಿದ್ದಾರೋ!

ಒಮ್ಮೆ ಒಂದು ಕಚೇರಿಯಲ್ಲಿ ಫ್ಯಾನು ನಿಂತಿತ್ತು. ಕೆಪ್ಯಾಸಿಟರ್ ಬದಲಾಯಿಸಬೇಕಿತ್ತು. ಜೊತೆಗಿದ್ದ ಹಿರಿಯ ಕೆಲಸಗಾರ ಮೇನ್ ಸ್ವಿಚ್ ಇಳಿಸಿ ಬಂದು, "ಆಫ್ ಮಾಡೀನಿ, ಹತ್ತಪ್ಪ, ಕೈ ಹಾಕು" ಎಂದ. ಹುಡುಗ ಏಣಿ ಹತ್ತಿದ. ಆದರೆ ಕೈ ಹಾಕಲಿಲ್ಲ, ಟೆಸ್ಟರ್ ಹಾಕಿದ. ಪುಟ್ಟ ನಿಯಾನ್ ದೀಪ ಕೆಂಪಗೆ ಹೊಳೆಯಿತು.

ಮೇನ್ ಇಳಿಸಿದ ಮೇಲೂ ವಿದ್ಯುತ್ತು ಎಲ್ಲಿಂದ ಬಂತು? ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿಗೆಂದು ಯುಪಿಎಸ್ ಇತ್ತು. ಕರೆಂಟು ಹೋದಾಗ ಬೇಕೆಂದು ಯಾರೋ ಆ ಫ್ಯಾನನ್ನೂ ಅದಕ್ಕೇ ಜೋಡಿಸಿದ್ದರು. ಬೋರ್ಡಿನ ಮೇಲೆ ಒಂದು ಚೀಟಿಯನ್ನೂ ಅಂಟಿಸಿರಲಿಲ್ಲ. ಮೇನ್ ಇಳಿಸಿದ ಕೂಡಲೇ ಯುಪಿಎಸ್ ತನ್ನ ಕೆಲಸ ಶುರು ಮಾಡಿತ್ತು. ಅದರ ಬ್ಯಾಟರಿ ಕಡಿಮೆ ವೋಲ್ಟಿನದು, ಆದರೆ ಹೊರಗೆ ಕೊಡುವುದು ಮನೆಯ ಲೈನಿನಷ್ಟೇ, 230 ವೋಲ್ಟ್. ಫ್ಯಾನು ಹೇಗೂ ಕೆಟ್ಟು ನಿಂತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಈಗ ಒಂದು ಲೆಕ್ಕ ಮಾಡಿ. ಒಣಗಿದ ಚರ್ಮದ ರೋಧ ಒಂದು ಲಕ್ಷ ಓಮಿನವರೆಗೂ ಇರಬಹುದು. ಬೆವರಿದ, ಒದ್ದೆಯಾದ ಮೈಯದು ಸುಮಾರು ಒಂದು ಸಾವಿರಕ್ಕೆ ಇಳಿಯಬಹುದು. 230ನ್ನು 1000ದಿಂದ ಭಾಗಿಸಿ: 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಜೀವ ಉಳಿಸಲೆಂದು ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ ಎಂಬ ಸ್ವಿಚ್ಚು 30 ಮಿಲಿ ಆಂಪಿಯರ್ ಸೋರಿದರೇ ಲೈನನ್ನು ಕತ್ತರಿಸುತ್ತದೆ. ಎರಡನ್ನೂ ಹೋಲಿಸಿ ನೋಡಿ. ಅದು ಬೇಸಿಗೆ, ಹುಡುಗನ ಕೈಯೆಲ್ಲ ಬೆವರು. ಸಾಲದ್ದಕ್ಕೆ ಅಲ್ಯುಮಿನಿಯಂ ಏಣಿ.

ಆ ವಾರ ಊರಿಗೆ ಬಂದಾಗ ಅವನು ಇದನ್ನು ಹೇಳಿದ. ಅಕ್ಕ ಊಟ ಬಡಿಸುತ್ತಿದ್ದವಳು ಸೌಟು ಹಿಡಿದು ಹಾಗೇ ನಿಂತಳು. "ಟೆಸ್ಟರೇ ಕೆಟ್ಟಿದ್ದರೆ?" ಎಂದು ನಾನು ಕೇಳಿದೆ. ಅವನು ನಕ್ಕು, "ಅದಕ್ಕೇ ಮಾಮ, ಮೇನ್ ಇಳಿಸೋಕೆ ಮುಂಚೆನೇ ಕರೆಂಟ್ ಇರೋ ಸಾಕೆಟ್‌ನಲ್ಲಿ ಟೆಸ್ಟರ್ ಹಚ್ಚಿ ನೋಡ್ಕೊಂಡಿರ್ತೀವಿ. ಇಲ್ದಿದ್ರೆ ಅದು ಹೊಳೀಲಿಲ್ಲ ಅಂದ್ರೆ ತಂತಿ ಸತ್ತಿದೆಯೋ, ಟೆಸ್ಟರ್ ಸತ್ತಿದೆಯೋ ಗೊತ್ತಾಗಲ್ಲ" ಎಂದ. ನಾವು ವಿಜ್ಞಾನದವರು ಪ್ರಯೋಗಕ್ಕೆ ಮೊದಲು ಉಪಕರಣವನ್ನು ಪರೀಕ್ಷಿಸಿ ಎನ್ನುತ್ತೇವಲ್ಲ, ಇದೂ ಅದೇ.

ಟೆಸ್ಟರಿನ ಒಳಗೆ ಸುಮಾರು ಹತ್ತು ಲಕ್ಷ ಓಮಿನ ರೋಧಕ ಇರುತ್ತದೆ. ಅದರಿಂದ ನಮ್ಮ ಮೈಯಲ್ಲಿ ಹರಿಯುವುದು ಒಂದು ಮಿಲಿ ಆಂಪಿಯರಿನ ಕಾಲುಭಾಗಕ್ಕಿಂತಲೂ ಕಡಿಮೆ. ಹಾಗೆಂದು ನೀವು ಮನೆಯಲ್ಲಿ ಟೆಸ್ಟರ್ ಹಿಡಿದು ಹೊರಡಬೇಡಿ. ಒದ್ದೆಯಾದ ಅಥವಾ ಬಿರುಕು ಬಿಟ್ಟ ಟೆಸ್ಟರು ಬಹಳ ಕೆಟ್ಟದ್ದು, ಕಲಿಯುವವರಿಗೂ ಪಕ್ಕದಲ್ಲಿ ಹಿರಿಯರು ಇರಲೇಬೇಕು.

ನೀವು ಮಾಡಬಹುದಾದ ಒಂದು ಕೆಲಸ ಬೇರೆ ಇದೆ. ಮೂರು ಕಾಲಿನ ಪ್ಲಗ್ಗನ್ನು ನೋಡಿ. ಮೇಲಿನ ಕಾಲು ಉದ್ದ ಮತ್ತು ದಪ್ಪ. ಪ್ಲಗ್ ಹಾಕುವಾಗ ಅದು ಮೊದಲು ಒಳಗೆ ಸೇರಿ, ತೆಗೆಯುವಾಗ ಕೊನೆಗೆ ಹೊರಬರುತ್ತದೆ. ಅದಕ್ಕೆ ಸೇರಿದ ಹಸಿರು ತಂತಿ ಶಾಲೆಯ ಹೊರಗೆ ನೆಲದಲ್ಲಿ ಹೂತ ಪೈಪು ಅಥವಾ ತಟ್ಟೆಗೆ ಹೋಗುತ್ತದೆ. ಹಲವು ಕಡೆ ಆ ಗುಂಡಿಗೆ ಇದ್ದಿಲು, ಉಪ್ಪು ಹಾಕಿರುತ್ತಾರೆ. ಮಣ್ಣು ತೇವವಾಗಿದ್ದರೆ ಸೋರಿದ ವಿದ್ಯುತ್ತು ಸುಲಭವಾಗಿ ನೆಲ ಸೇರುತ್ತದೆ, ಒಣಗಿದರೆ ಕಷ್ಟ. ನಮ್ಮ ಚಿತ್ರದುರ್ಗದಂಥ ಒಣಸೀಮೆಯಲ್ಲಿ ಮಾರ್ಚ್ ಬಂತೆಂದರೆ ಆ ಗುಂಡಿ ಬಿರಿದಿರುತ್ತದೆ. ನಿಮ್ಮ ಶಾಲೆಯ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಮುಖ್ಯಶಿಕ್ಷಕರನ್ನು ಕೇಳಿ. ಅದು ಒಣಗಿದ್ದರೆ ತಂತಿ ಮುಟ್ಟದೆ ನೀರು ಹಾಕಿಸಲು ಅವರಿಗೇ ಹೇಳಿ. ಗಿಡಗಳಿಗೆ ನೀರು ಹಾಕುವ ಸರದಿ ಪಟ್ಟಿಯಲ್ಲಿ ಅದರ ಹೆಸರನ್ನೂ ಬರೆದಿಡಲಿ.