ಮುತ್ತಿಗೆಗೆ ಸಿಲುಕಿದ ಬನವಾಸಿ

ಶಿರಸಿ ತಾಲ್ಲೂಕಿನ ಬನವಾಸಿಯನ್ನು ಮೂರು ಕಡೆಯಿಂದ ಬಳಸಿ ಹರಿಯುವ ವರದಾ ನದಿಯು ಕದಂಬರ ರಾಜಧಾನಿಗೆ ಸಹಜ ಕಂದಕವಾಗಿತ್ತಾದರೂ, ಬಾದಾಮಿ ಚಾಲುಕ್ಯರ ಅಂತಃಕಲಹದ ಬೆನ್ನಿಗೇ ಬಿದ್ದ ಮುತ್ತಿಗೆಯಿಂದ ಕೋಟೆಯನ್ನು ಅದು ಕಾಪಾಡಲಿಲ್ಲ. ತನ್ನ ಮಗನಿಗೆ ಪಟ್ಟ ಕಟ್ಟಬಯಸಿದ ಚಿಕ್ಕಪ್ಪ ಮಂಗಳೇಶನನ್ನು ಸುಮಾರು 610ರಲ್ಲಿ ಕೊನೆಗಾಣಿಸಿ ಇಮ್ಮಡಿ ಪುಲಿಕೇಶಿಯು ಸಿಂಹಾಸನವೇರಿದಾಗ, ಈ ದಾಯಾದಿ ಕಾಳಗದಿಂದ, ಎಂದರೆ ಒಂದೇ ಮನೆತನದ ಹಕ್ಕುದಾರರ ಯುದ್ಧದಿಂದ, ರಾಜ್ಯವು ಸಡಿಲಗೊಂಡಿತ್ತು. ಭೀಮಾ ನದಿಯ ಕಡೆ ದಂಡೆತ್ತಿ ಬಂದ ಅಪ್ಪಾಯಿಕ ಮತ್ತು ಗೋವಿಂದರಲ್ಲಿ ಒಬ್ಬನು ಓಡಿಹೋಗಿ, ಇನ್ನೊಬ್ಬನು ಮಿತ್ರನಾದ ಬಳಿಕವೇ ಪುಲಿಕೇಶಿಯ ಸೇನೆಯು ಬನವಾಸಿಯತ್ತ ತಿರುಗಿತು.

ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿರುವ 634ರ ಶಾಸನದಲ್ಲಿ ಕವಿ ರವಿಕೀರ್ತಿಯು, ವರದೆಯ ಅಲೆಗಳ ಮೇಲಿನ ಹಂಸಪಂಕ್ತಿಯನ್ನೇ ಡಾಬಿನಂತೆ ಧರಿಸಿದ ಬನವಾಸಿಯನ್ನೂ, ಸೇನಾಸಮುದ್ರವು ಸುತ್ತುವರಿದಾಗ ಸ್ಥಲದುರ್ಗವು, ಅಂದರೆ ನೆಲದ ಮೇಲಿನ ಕೋಟೆಯು, ನೀರು ಸುತ್ತಿದ ಜಲದುರ್ಗದಂತೆ ತೋರಿದ ಬಗೆಯನ್ನೂ ಬಣ್ಣಿಸುತ್ತಾನೆ. ಕಲ್ಪನೆ ಸೊಗಸಾಗಿದೆ, ಆದರೆ ಒಳಗಿದ್ದ ಅರಸನ ಹೆಸರಾಗಲಿ, ಮುತ್ತಿಗೆಯ ಅವಧಿಯಾಗಲಿ, ಬಿಡಿಸಲು ಬಂದ ನೆರವಿನ ದಂಡಿನ ಸುಳಿವಾಗಲಿ ಅದರಲ್ಲಿಲ್ಲ. ಗೆದ್ದವನ ಆಸ್ಥಾನಕವಿಗೆ ಅದು ಬೇಕಿರಲಿಲ್ಲವೆನ್ನಬಹುದೇ ಹೊರತು, ಈ ಮೌನವನ್ನೇ ಆಧಾರವಾಗಿಸಿ ನೆರವು ಬರಲೇ ಇಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಕೋಟೆಯೊಳಗಿನವರಿಗೆ ದವಸವೂ ಹೊರಗಿನ ಮಿತ್ರರೂ ಎರಡೇ ಆಸರೆಯಾಗಿದ್ದ ಕಾಲವದು. ಮುಂದಿನ ಶತಮಾನಗಳಲ್ಲಿ ಬನವಾಸಿಯು ಪರರ ಸಾಮ್ರಾಜ್ಯಗಳೊಳಗೆ ಬನವಾಸಿ 12000 ಎಂಬ ಪ್ರಾಂತ್ಯವಾಗಿ ಕಾಣಿಸಿಕೊಳ್ಳುತ್ತದೆ.