ಅಮೆರಿಕೆಗೆ ಹೋಗಿಬಂದ ಉಪ್ಪಾಗೆ

ಉಪ್ಪಾಗೆ ಎಂಬ ಮರದ ಹೆಸರನ್ನು ಬಯಲುಸೀಮೆಯ ಓದುಗರಲ್ಲಿ ಅನೇಕರು ಕೇಳಿರಲಾರರು. ಘಟ್ಟದ ಮೇಲಿನ ಸಿದ್ದಾಪುರ, ಶಿರಸಿಯ ಕಡೆಯವರಾದ ನಮಗೆ ಅದು ಮನೆಯ ನೆಂಟನಿದ್ದಂತೆ. ಮಳೆಗಾಲದಲ್ಲಿ ಅದರ ಹಣ್ಣು ಮಾಗುತ್ತದೆ. ಕುಂಬಳಕಾಯಿಯೊಂದನ್ನು ಅಂಗೈಯಲ್ಲಿ ಹಿಡಿಯುವಷ್ಟು ಕುಗ್ಗಿಸಿ, ಹಳದಿ ಬಣ್ಣ ಬಳಿದರೆ ಹೇಗೋ ಹಾಗೆ ಅದರ ರೂಪ. ಹುಳಿಯ ಮಾತು ಬೇಡ. ಬರೆಯುತ್ತಿರುವಾಗಲೇ ನನ್ನ ಬಾಯಲ್ಲಿ ನೀರೂರುತ್ತಿದೆ. ಸಿಪ್ಪೆಯನ್ನು ಬಿಡಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿಟ್ಟರೆ ಅದು ಕಪ್ಪಗೆ ಮುದುಡಿಕೊಂಡು ವರ್ಷವೆಲ್ಲ ಅಡಿಗೆಗೆ ಒದಗುತ್ತದೆ. ಘಟ್ಟದ ಕೆಳಗಿನವರು ಅದನ್ನು ಮೀನಿನ ಪದಾರ್ಥಕ್ಕೆ ಹಾಕುತ್ತಾರೆ. ಕೇರಳದವರ ಕುಡಂಪುಳಿಯೂ ಇದೇ. ಬೀಜವೂ ವ್ಯರ್ಥವಲ್ಲ. ಅದರಿಂದ ತೆಗೆಯುವ ಉಪ್ಪಾಗೆ ತುಪ್ಪವನ್ನು ನಮ್ಮ ಅಮ್ಮಮ್ಮ ದೋಸೆಗೆ ಸವರುತ್ತಿದ್ದಳು.

ಸಿಪ್ಪೆ ಬೊಜ್ಜನ್ನು ಕರಗಿಸುವುದೆಂದು ಲೋಕ ಹೇಳುವ ಹಣ್ಣಿನ ಬೀಜದಲ್ಲಿಯೇ ತುಪ್ಪವನ್ನು ತುಂಬಿಟ್ಟ ಸೃಷ್ಟಿಕರ್ತನ ವಿನೋದಕ್ಕೆ ನಾವು ತಲೆದೂಗಲೇಬೇಕು. ಆದರೆ ಈ ವಿನೋದ ನನಗೆ ಹೊಳೆದುದು ತೀರ ಈಚೆಗೆ, ನನ್ನ ಅಕ್ಕನ ಮಗಳು ವಸುಧೆ ತನ್ನ ಚೀಲದಿಂದ ಐದು ಡಬ್ಬಿಗಳನ್ನು ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಾಗ.

ವಸುಧೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹುಡುಗಿ. ದಿನಕ್ಕೆ ಒಂಬತ್ತು ತಾಸು ಕುರ್ಚಿಯಲ್ಲಿ ಕುಳಿತು ದುಡಿಯುತ್ತಾಳೆ. ವೈಶಾಖಕ್ಕೆ ಮದುವೆ ನಿಶ್ಚಯವಾಗಿದೆ. ನಿಶ್ಚಿತಾರ್ಥದ ದಿನ ವರನ ಕಡೆಯ ಹಿರಿಯ ಹೆಂಗಸೊಬ್ಬರು ಹೋಳಿಗೆಯ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ, "ಹುಡುಗಿ ಲಕ್ಷಣವಾಗಿದ್ದಾಳೆ. ಮದುವೆ ಹೊತ್ತಿಗೆ ಸ್ವಲ್ಪ ಇಳಿಸಿಕೊಂಡರೆ ಆಯ್ತು" ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿದರು. ಹೇಳಿದವರು ಎರಡನೆಯ ಹೋಳಿಗೆಗೆ ಕೈ ಹಾಕುವಷ್ಟರಲ್ಲಿ ತಮ್ಮ ಮಾತನ್ನು ಮರೆತಿರಬೇಕು. ಕೇಳಿಸಿಕೊಂಡವಳು ಮರೆಯಲಿಲ್ಲ. ಅಂದಿನಿಂದ ರಾತ್ರಿಯ ಊಟ ನಿಂತಿತು. ಒಂದು ತಿಂಗಳಲ್ಲಿ ಐದು ಡಬ್ಬಿಗಳು ಬಂದವು. ಆರನೆಯ ವಾರ ಕಚೇರಿಯ ಮೆಟ್ಟಿಲ ಮೇಲೆ ತಲೆ ಸುತ್ತಿ ಬಂದು ಕುಳಿತುಬಿಟ್ಟಳಂತೆ. ಆಗ ಅಕ್ಕ ನನಗೆ ಫೋನು ಮಾಡಿ, "ನೀನು ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಹೇಳಿದವನಲ್ಲವೇನೋ ತಮ್ಮಾ, ಅದರಲ್ಲಿ ಏನಿದೆ ನೋಡು. ನನ್ನ ಮಾತು ಅವಳ ಕಿವಿಗೆ ಬೀಳುವುದಿಲ್ಲ" ಎಂದಳು.

ಮೊದಲು ಕೈಗೆ ಬಂದುದು ಅತ್ಯಂತ ಬೆಲೆಬಾಳುವ ಸೀಸೆ. ಮೇಲೆ ಸೊಂಟ ಸಣ್ಣಗಿರುವ ಸ್ತ್ರೀಯೊಬ್ಬಳ ಚಿತ್ರ. ಮಗ್ಗುಲಲ್ಲಿ ಕುಂಬಳಕಾಯಿಯಂಥ ಹಳದಿ ಹಣ್ಣು. ಕೆಳಗೆ 'ಗಾರ್ಸೀನಿಯ ಕ್ಯಾಂಬೋಜಿಯ' ಎಂಬ ಹೆಸರು. ಅಮೆರಿಕದಲ್ಲಿರುವ ಗೆಳತಿ ಕಳುಹಿಸಿದ್ದಂತೆ. ನಾನು ಕನ್ನಡಕವನ್ನು ಒರೆಸಿಕೊಂಡು ಮತ್ತೆ ನೋಡಿದೆ. ಸಂದೇಹವಿರಲಿಲ್ಲ. ನಮ್ಮ ಅಟ್ಟದ ಮೇಲಿನ ಉಪ್ಪಾಗೆ ಕಡಲು ದಾಟಿ, ಹೆಸರು ಬದಲಿಸಿಕೊಂಡು, ಕ್ಯಾಪ್ಸೂಲಿನ ಅಂಗಿ ತೊಟ್ಟು ತವರಿಗೆ ಮರಳಿತ್ತು.

"ಹೌದು ಮಾವ, ನಮ್ಮೂರಿನದೇ. ನಮ್ಮೂರಿನದು ಹೇಗೆ ಕೆಟ್ಟದ್ದಾದೀತು?" ಎಂದಳು ವಸುಧೆ.

"ಕಾಸರಕನ ಮರವೂ ನಮ್ಮೂರಿನದೇ, ಕೂಸೇ" ಎಂದೆ. ಅದರ ಬೀಜದಲ್ಲಿರುವ ವಿಷವನ್ನು ಬಲ್ಲವಳಾದ್ದರಿಂದ ಅವಳು ನಕ್ಕಳು. ಆದರೆ ಸೀಸೆಯನ್ನು ತನ್ನ ಕಡೆಗೇ ಸರಿಸಿಕೊಂಡಳು.

ಈ ಹಣ್ಣಿನ ಕಥೆ ಸ್ವಾರಸ್ಯವಾದುದು. ಅದರ ಮೊದಲ ಅಧ್ಯಾಯ ನಡೆದುದು ನಮ್ಮ ಮೈಸೂರಿನಲ್ಲಿ, ೧೯೫೦ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ. ಈ ಹುಳಿಯೆಲ್ಲ ನಿಂಬೆಯ ಸಿಟ್ರಿಕ್ ಆಮ್ಲವೆಂದೂ ಹುಣಿಸೆಯ ಟಾರ್ಟಾರಿಕ್ ಆಮ್ಲವೆಂದೂ ಅದುವರೆಗೆ ಭಾವಿಸಿದ್ದರು. ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಎಂಬ ವಿಜ್ಞಾನಿಗಳು ಅದು ಎರಡೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿ ೧೯೬೫ರಲ್ಲಿ ಪ್ರಕಟಿಸಿದರು. ಅವರ ಪ್ರಶ್ನೆ ಹುಳಿಯದು, ಉತ್ತರವೂ ಹುಳಿಯದು. ಯಾರ ಸೊಂಟದ ಸುತ್ತಳತೆಯ ಗೋಜೂ ಅದರಲ್ಲಿರಲಿಲ್ಲ.

ಎರಡನೆಯ ಅಧ್ಯಾಯ ಅಮೆರಿಕದ್ದು. ೧೯೬೦ರ ದಶಕದ ಕೊನೆಯ ಹೊತ್ತಿಗೆ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಈ ಆಮ್ಲ ಜೀವಕೋಶದ ಒಂದು ಕಿಣ್ವಕ್ಕೆ ತಡೆಯೊಡ್ಡುವುದೆಂದು ಕಂಡುಕೊಂಡರು. ತಿಂದ ಪಿಷ್ಟ, ಸಕ್ಕರೆ ಹೆಚ್ಚಾದಾಗ ಅದನ್ನು ಕೊಬ್ಬಾಗಿ ಮಾರ್ಪಡಿಸುವ ದಾರಿಯಲ್ಲಿ ಆ ಕಿಣ್ವ ಒಂದು ಸುಂಕದ ಕಟ್ಟೆಯಿದ್ದಂತೆ. ಕಟ್ಟೆ ಮುಚ್ಚಿದರೆ ಸರಕು ಮುಂದೆ ಹೋಗದು. ಇಲಿಗಳಲ್ಲಿ ಹೀಗೆಯೇ ಆಯಿತು. ಅವುಗಳ ಮೈಯಲ್ಲಿ ಹೊಸ ಕೊಬ್ಬು ತಯಾರಾಗುವುದು ಕಡಿಮೆಯಾಯಿತು. ಇಲ್ಲಿಯವರೆಗೂ ಎಲ್ಲವೂ ಸತ್ಯ, ಎಲ್ಲವೂ ಶುದ್ಧ ವಿಜ್ಞಾನ. ತೊಡಕು ಬರುವುದು ಇಲಿಯಿಂದ ಮನುಷ್ಯನ ಕಡೆಗೆ ಜಿಗಿಯುವಾಗ. ಸಾಮಾನ್ಯ ಊಟ ಮಾಡುವ ಮನುಷ್ಯನ ಶರೀರ ಪಿಷ್ಟದಿಂದ ಹೊಸದಾಗಿ ಕೊಬ್ಬನ್ನು ತಯಾರಿಸುವುದು ಬಹು ಕಡಿಮೆ. ನಮ್ಮ ಹೊಟ್ಟೆಯ ಮಡಿಕೆಗಳಲ್ಲಿ ಕೂಡುವುದು ಬಹುಮಟ್ಟಿಗೆ ನಾವು ಎಣ್ಣೆ, ತುಪ್ಪ, ಕರಿದ ತಿಂಡಿಗಳ ರೂಪದಲ್ಲಿಯೇ ತಿಂದ ಕೊಬ್ಬು. ಅದು ಬರುವ ದಾರಿಯೇ ಬೇರೆಯಾದಾಗ ಈ ಸುಂಕದ ಕಟ್ಟೆಯನ್ನು ಮುಚ್ಚಿ ಫಲವೇನು?

ಆದರೂ ತರ್ಕಕ್ಕಿಂತ ಪ್ರಯೋಗ ದೊಡ್ಡದು. ಪ್ರಯೋಗವೂ ನಡೆಯಿತು. ತೂಕ ಹೆಚ್ಚಾಗಿದ್ದ ೧೩೫ ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ದಿನಕ್ಕೆ ೧೫೦೦ ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ದೊರೆಯುವಂತೆ ಉಪ್ಪಾಗೆಯ ಸಾರವನ್ನೂ, ಇನ್ನೊಂದಕ್ಕೆ ಸಾರವಿಲ್ಲದ ಹುಸಿಗುಳಿಗೆಯನ್ನೂ ಹನ್ನೆರಡು ವಾರ ಕೊಟ್ಟರು. ಫಲಿತಾಂಶ ೧೯೯೮ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಉಪ್ಪಾಗೆಯ ಪಂಗಡದವರು ಸರಾಸರಿ ೩.೨ ಕಿಲೋ ಇಳಿದಿದ್ದರು.

ಇದನ್ನು ಓದಿ ಹೇಳಿದಾಗ ವಸುಧೆಯ ಕಣ್ಣು ಅರಳಿತು. "ನೋಡಿದಿರಾ ಮಾವ!"

"ಹುಸಿಗುಳಿಗೆಯವರು ೪.೧ ಕಿಲೋ ಇಳಿದಿದ್ದರು" ಎಂದೆ.

ಈ ಅಂತರಕ್ಕೆ ಅರ್ಥವಿಲ್ಲ, ಅದು ಆಕಸ್ಮಿಕವಿರಬಹುದೆಂದು ಲೆಕ್ಕ ಹಾಕಿದವರೇ ಹೇಳಿದ್ದಾರೆ. ಹುಸಿಗುಳಿಗೆ ಮೇಲೆಂದು ಯಾರೂ ಅದನ್ನು ಮಾರಲು ಹೊರಡಬೇಕಾದುದಿಲ್ಲ. ನನ್ನ ಮನಸ್ಸನ್ನು ಹಿಡಿದುದು ಬೇರೆ ಸಂಗತಿ. ಎರಡು ಪಂಗಡದವರೂ ಇಳಿದುದೇಕೆ? ಎರಡು ಪಂಗಡದವರಿಗೂ ನಾರು ಹೆಚ್ಚು, ಶಕ್ತಿಯಂಶ ಕಡಿಮೆ ಇರುವ ಊಟವನ್ನು ಗೊತ್ತುಮಾಡಿದ್ದರು. ಕೆಲಸ ಮಾಡಿದುದು ಊಟ. ಕೀರ್ತಿಯನ್ನು ಹೊತ್ತುಕೊಂಡು ಅಂಗಡಿಗೆ ಬಂದುದು ಗುಳಿಗೆ.

ಕೀರ್ತಿಯಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಿರಬಹುದಿತ್ತು. ಈ ಸಾರವನ್ನು ಸೇವಿಸಿದವರಲ್ಲಿ ಕೆಲವರಿಗೆ ಯಕೃತ್ತಿಗೆ ಪೆಟ್ಟು ಬಿದ್ದ, ಯಕೃತ್ತನ್ನೇ ಬದಲಿಸಬೇಕಾಗಿ ಬಂದ ಪ್ರಸಂಗಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಂಥವು ವಿರಳ, ನಿಜ. ಆದರೆ ಅದು ಯಾರಿಗೆ ಬಂದೀತೆಂದು ಮುಂದಾಗಿ ತಿಳಿಯುವ ಉಪಾಯವಿಲ್ಲ. ಸಾರಿಗೆ ಎರಡು ಸಿಪ್ಪೆ ಹಾಕುವುದು ಬೇರೆ, ಸಾರವನ್ನು ಹಿಂಡಿ ಗಟ್ಟಿ ಮಾಡಿ ದಿನಕ್ಕೆ ಮೂರು ಬಾರಿ ನುಂಗುವುದು ಬೇರೆ. ನಮ್ಮ ಹಿರಿಯರು ತಲೆಮಾರುಗಳಿಂದ ಉಪ್ಪಾಗೆ ತಿಂದರೂ ತೆಳ್ಳಗಿದ್ದರೆಂದು ಅಕ್ಕ ನಡುವೆ ಬಾಯಿ ಹಾಕಿದಳು. ಇದ್ದರು, ಒಪ್ಪಿದೆ. ದಿನಕ್ಕೆ ನಾಲ್ಕು ಬಾರಿ ಅಡಿಕೆತೋಟಕ್ಕೆ ಇಳಿದು ಹತ್ತಿದವರು ಹುಳಿಯನ್ನೇ ತಿನ್ನದಿದ್ದರೂ ತೆಳ್ಳಗಿರುತ್ತಿದ್ದರು.

ಇಷ್ಟೆಲ್ಲ ಇದ್ದರೂ ಸರಕಾರ ಮಾರಲು ಬಿಡುವುದೇಕೆ ಎಂದು ವಸುಧೆ ಕೇಳಿದಳು. ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ ೧೯೯೪ರ ಕಾಯಿದೆಯ ಪ್ರಕಾರ ಇಂಥ ಪೂರಕಗಳನ್ನು ಔಷಧವೆಂದಲ್ಲ, ಒಂದು ಬಗೆಯ ಆಹಾರವೆಂದು ಎಣಿಸುತ್ತಾರೆ. ಆದ್ದರಿಂದ ಫಲವುಂಟೆಂದು ಮೊದಲೇ ರುಜುವಾತು ಮಾಡಿ ಮಾರಾಟಕ್ಕೆ ಒಪ್ಪಿಗೆ ಪಡೆಯುವ ಹೊರೆ ತಯಾರಕನ ಮೇಲಿಲ್ಲ. ಅಪಾಯ ಕಂಡಮೇಲೆ ಸರಕಾರವೇ ಬೆನ್ನಟ್ಟಬೇಕು. ಬೆನ್ನಟ್ಟಿದಾಗ ಸಿಕ್ಕಿದುದೇನೆಂಬುದೂ ತಿಳಿದಿದೆ. ೨೦೦೭ರಿಂದ ೨೦೧೬ರವರೆಗೆ ಆ ದೇಶದ ಆಹಾರ ಮತ್ತು ಔಷಧ ಇಲಾಖೆ ಗುರುತಿಸಿದ ೭೭೬ ಕಲಬೆರಕೆ ಪೂರಕಗಳಲ್ಲಿ ಶೇಕಡ ೪೦ಕ್ಕೂ ಮಿಕ್ಕು ತೂಕ ಇಳಿಸುವ ಹೆಸರಿನವು. ಅವುಗಳಲ್ಲಿ ಅನೇಕವುಗಳೊಳಗೆ ಸಿಬುಟ್ರಮೀನ್ ಎಂಬ ಔಷಧವನ್ನು ಗುಟ್ಟಾಗಿ ಬೆರೆಸಿದ್ದರು. ಹೃದಯಕ್ಕೆ ಹಾನಿಯೆಂದು ೨೦೧೦ರಲ್ಲಿ ಪೇಟೆಯಿಂದ ಹಿಂದಕ್ಕೆ ತೆಗೆದ ಮದ್ದು ಅದು! ತೂಕ ಇಳಿಯಿತೆಂದು ಯಾವುದೋ ಗಿಡಮೂಲಿಕೆಯ ಗುಳಿಗೆಯನ್ನು ಹೊಗಳುವವರು ಕೆಲವೊಮ್ಮೆ ಸುಳ್ಳಾಡುತ್ತಿರುವುದಿಲ್ಲ. ಇಳಿಸಿದುದು ಗಿಡಮೂಲಿಕೆಯಲ್ಲ, ಅಷ್ಟೇ.

ನಮ್ಮ ದೇಶದಲ್ಲಿ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ೧೪ ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು, ಇದು ಔಷಧವಾಗಿ ಬಳಸತಕ್ಕದ್ದಲ್ಲ ಎಂಬ ಮಾತೂ ಇರಬೇಕು. ಇವು ಅಗತ್ಯ. ಸಂಖ್ಯೆಯಿಲ್ಲದ ಡಬ್ಬಿಯನ್ನು ಕೈಯಿಂದ ಮುಟ್ಟಬಾರದು. ಆದರೆ ಬಸ್ಸಿಗೆ ಪರವಾನಗಿಯಿದ್ದ ಮಾತ್ರಕ್ಕೆ ಅದು ನಮ್ಮ ಊರಿಗೇ ಹೋಗುವುದೆಂದು ಅರ್ಥವಲ್ಲವಷ್ಟೆ?

ಎರಡನೆಯ ಡಬ್ಬಿ ಗಾತ್ರದಲ್ಲಿ ಹಾಲಿನ ಕ್ಯಾನನ್ನು ಹೋಲುತ್ತಿತ್ತು. ಪ್ರೋಟೀನು ಪುಡಿ. ನಮ್ಮ ಕಾಲದ ಪಠ್ಯಪುಸ್ತಕದಲ್ಲಿ ಇದಕ್ಕೆ ಸಸಾರಜನಕವೆಂಬ ಗಂಭೀರವಾದ ಹೆಸರಿತ್ತು. ಹಾಲನ್ನು ಒಡೆದು ಚೀಸ್ ಮಾಡುವಾಗ ಉಳಿಯುವ ತಿಳಿನೀರಿನಿಂದ, ಎಂದರೆ ಹಾಲೊಡಕಿನಿಂದ, ಇದನ್ನು ತಯಾರಿಸುತ್ತಾರೆ. ನಮ್ಮ ಮನೆಯಲ್ಲಿ ಹಾಲು ಒಡೆದರೆ ಆ ನೀರು ಕೊಟ್ಟಿಗೆಯ ಬಾನಿಗೆ ಹೋಗುತ್ತಿತ್ತು, ದನಗಳು ಬಲು ಪುಷ್ಟವಾಗಿದ್ದವು. ಹಾಸ್ಯವಿರಲಿ, ಇದನ್ನು ಉಪ್ಪಾಗೆಯ ಸಾಲಿಗೆ ಸೇರಿಸುವುದು ಅನ್ಯಾಯ. ಇದರಲ್ಲಿರುವುದು ನಿಜವಾದ ಆಹಾರ. ಕೇಳಬೇಕಾದುದು, ಇದು ಅವಳಿಗೆ ಬೇಕೆ ಎಂಬುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ ೦.೮೩ ಗ್ರಾಂ ಪ್ರೋಟೀನು ಸಾಕು. ೬೦ ಕಿಲೋ ತೂಗುವವರಿಗೆ ೫೦ ಗ್ರಾಮಿನಷ್ಟಾಯಿತು. ನೂರು ಗ್ರಾಂ ತೊಗರಿಬೇಳೆಯಲ್ಲಿ ೨೨ ಗ್ರಾಮಿನಷ್ಟು, ಅಷ್ಟೇ ಶೇಂಗಾದಲ್ಲಿ ೨೫ ಗ್ರಾಮಿನಷ್ಟು ಇದೆ. ಮೈ ಬೆಳೆಸಿಕೊಳ್ಳಲು ಇಂಥ ಪುಡಿಗಳ ಮೊರೆ ಹೋಗಬೇಡಿರೆಂದು ಆ ಸಂಸ್ಥೆ ೨೦೨೪ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ಬೆಳಗಿನ ಅವಸರದಲ್ಲಿ ಏನೂ ತಿನ್ನದೆ ಓಡುವವಳು ಒಂದು ಚಮಚ ಕಲಸಿ ಕುಡಿದರೆ ಉಪವಾಸಕ್ಕಿಂತ ಮೇಲು. ಆದರೆ ವಸುಧೆ ಅದನ್ನು ಕುಡಿಯುತ್ತಿದ್ದುದು ಊಟದ ಜೊತೆಗಲ್ಲ, ಊಟದ ಬದಲಿಗೆ.

ಮೂರನೆಯ ಮತ್ತು ನಾಲ್ಕನೆಯ ಡಬ್ಬಿಗಳಲ್ಲಿ ಹೇಳತಕ್ಕ ವಿಶೇಷವೇನೂ ಇರಲಿಲ್ಲ. ಒಂದು ಕಾಫಿಯ ಸತ್ವ, ಇನ್ನೊಂದು ಬರಿಯ ನಾರು. ಐದನೆಯದು ನೋಡಲು ಮಕ್ಕಳ ಪೆಪ್ಪರಮಿಂಟಿನಂತಿತ್ತು. ಕೂದಲಿಗೂ ಚರ್ಮಕ್ಕೂ ಒಳ್ಳೆಯದೆಂದು ಬಯೋಟಿನ್ ಎಂಬ ಜೀವಸತ್ವವನ್ನು ಬೇಕಾದುದಕ್ಕಿಂತ ಅನೇಕ ಪಟ್ಟು ತುಂಬಿದ್ದರು. ನನ್ನನ್ನು ಹೆದರಿಸಿದುದು ಇದೇ. ವಸುಧೆಗೆ ಥೈರಾಯಿಡ್ ಗ್ರಂಥಿಯ ಕೆಲಸ ಮಂದವಾಗಿ, ಎರಡು ವರ್ಷಗಳಿಂದ ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತಾಳೆ. ತೂಕ ಏರಿದುದಕ್ಕೆ ಅದೂ ಒಂದು ಕಾರಣವಿರಬಹುದು. ಹೆಚ್ಚು ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ಬಗೆಯ ಥೈರಾಯಿಡ್ ಪರೀಕ್ಷೆಗಳು ತಪ್ಪು ಅಂಕಿಯನ್ನು ತೋರಿಸುತ್ತವೆ. ಮಂದವಾಗಿರುವ ಗ್ರಂಥಿ ಚುರುಕಾಗಿರುವಂತೆ ಕಾಣಬಹುದು. ಆ ಅಂಕಿಯನ್ನು ನಂಬಿ ಮಾತ್ರೆಯನ್ನು ಕಡಿಮೆ ಮಾಡಿದರೆ ತೂಕ ಇಳಿಯುವುದಿರಲಿ, ಇನ್ನಷ್ಟು ಏರೀತು. ಮರುವಾರವೇ ಅವಳ ರಕ್ತಪರೀಕ್ಷೆಯಿತ್ತು. "ಡಾಕ್ಟರಿಗೆ ಈ ಡಬ್ಬಿಗಳ ವಿಷಯ ಹೇಳಿದ್ದೀಯಾ?" ಎಂದೆ.

"ಅವೇನು ಔಷಧವೇ ಮಾವ, ಹೇಳಲಿಕ್ಕೆ?"

ಐದೂ ಡಬ್ಬಿಗಳನ್ನು ಅದೇ ಚೀಲಕ್ಕೆ ಹಾಕಿಕೊಂಡು ನಾವಿಬ್ಬರೂ ಡಾಕ್ಟರ ಬಳಿ ಹೋದೆವು. ಅವರು ಒಂದೊಂದನ್ನೇ ತಿರುಗಿಸಿ ನೋಡಿದರು. ಬಯೋಟಿನ್ ನಿಲ್ಲಿಸಿ ಕೆಲವು ದಿನ ಕಳೆದಮೇಲೆ ರಕ್ತ ಕೊಡಲು ಹೇಳಿದರು. ಉಪ್ಪಾಗೆಯ ಸೀಸೆಯನ್ನು ಹಿಂದಕ್ಕೆ ಕೊಡದೆ ತಮ್ಮ ಮೇಜಿನಡಿಯ ಬುಟ್ಟಿಗೆ ಹಾಕಿದರು. ಪರೀಕ್ಷೆಯ ವರದಿ ಬಂದಾಗ ತಿಳಿದುದೇನೆಂದರೆ, ಅವಳಿಗೆ ನಿಜವಾಗಿಯೂ ಒಂದು ಪೂರಕ ಬೇಕಾಗಿತ್ತು. ಐದು ಡಬ್ಬಿಗಳಲ್ಲಿ ಒಂದರಲ್ಲಿಯೂ ಇಲ್ಲದ್ದು ಅದು. ಮಾಂಸ, ಮೊಟ್ಟೆ ಮುಟ್ಟದ, ಹಾಲು ಮೊಸರನ್ನೂ ಆರು ವಾರಗಳಿಂದ ಬಿಟ್ಟಿದ್ದ ಹುಡುಗಿಯಲ್ಲಿ ಬಿ-೧೨ ಜೀವಸತ್ವ ತೀರ ಇಳಿದಿತ್ತು. ಅದರ ಮಾತ್ರೆಯ ಪೊಟ್ಟಣದ ಮೇಲೆ ಯಾವ ಸುಂದರಿಯ ಚಿತ್ರವೂ ಇಲ್ಲ. ಬೆಲೆಯೂ ಉಪ್ಪಾಗೆಯ ಸೀಸೆಯ ಹತ್ತಿರ ಸುಳಿಯುವಂಥದಲ್ಲ.

ಊರಿನ ಕಾಡಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ೧೯೯೦ರ ದಶಕದಲ್ಲಿ ಈ ಗುಳಿಗೆಗಳಿಗಾಗಿ ಒಣಸಿಪ್ಪೆಯ ಬೆಲೆ ಏರಿದಾಗ, ಹಣ್ಣು ಮಾಗುವವರೆಗೆ ಕಾಯುವ ತಾಳ್ಮೆ ಜನರಿಗೆ ಉಳಿಯಲಿಲ್ಲ. ಎಳೆಗಾಯನ್ನೇ ಕೊಯ್ದರು, ಕೈಗೆಟುಕದಲ್ಲಿ ಕೊಂಬೆಯನ್ನೇ ಕಡಿದರು. ಬಿಸಿಲಿಲ್ಲದ ಮಳೆಗಾಲದಲ್ಲಿ ಸಿಪ್ಪೆಯನ್ನು ಒಣಗಿಸಲು ಅದರ ಹಲವು ಪಟ್ಟು ತೂಕದ ಸೌದೆ ಉರಿಯಿತು. ಬಡವರ ಮನೆಗೆ ನಾಲ್ಕು ಕಾಸು ಬಂದುದು ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ಯಾವ ಬೊಜ್ಜನ್ನೂ ಕರಗಿಸದ ಗುಳಿಗೆಗೆ ಕಾಡು ಅಷ್ಟಷ್ಟೇ ಕರಗಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ವಸುಧೆ ಈಗ ರಾತ್ರಿ ಊಟ ಮಾಡುತ್ತಾಳೆ. ಅನ್ನ ಅರ್ಧ, ಪಲ್ಯ ಎರಡರಷ್ಟು. ಸಂಜೆ ಎರಡು ಬಸ್‌ನಿಲ್ದಾಣ ಮೊದಲೇ ಇಳಿದು ಮನೆಗೆ ನಡೆದು ಬರುತ್ತಾಳೆ. ಪುಡಿಯ ಡಬ್ಬಿ ಅರ್ಧ ಮುಗಿದಿದೆ. ಮುಗಿದಮೇಲೆ ಅಕ್ಕ ಅದರಲ್ಲಿ ಹುರಿಗಡಲೆ ತುಂಬಿಡುವವಳಿದ್ದಾಳೆ. ಮೊನ್ನೆ ದರ್ಜಿ ರವಿಕೆಯ ಅಳತೆಯನ್ನು ಎರಡನೆಯ ಬಾರಿ ತೆಗೆದುಕೊಂಡು ಹೋದನಂತೆ. ಎಷ್ಟು ಕಡಿಮೆಯಾಯಿತೆಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.