ಅಂಕಣದ ಮನೆ

ಹಿಂದೆ ನಮ್ಮ ಕಡೆ ಮನೆಯ ಅಳತೆಯನ್ನು ಚದರದಲ್ಲಿ ಹೇಳುತ್ತಿರಲಿಲ್ಲ. ‘ಎಷ್ಟು ಅಂಕಣದ ಮನೆ?’ ಎಂದೇ ಕೇಳುತ್ತಿದ್ದರು. ಕಂಬದಿಂದ ಕಂಬಕ್ಕೆ ಇರುವ ಜಾಗ ಒಂದು ಅಂಕಣ. ಈಗ ಅಂಕಣವೆಂದರೆ ಪತ್ರಿಕೆಯದ್ದು ಮಾತ್ರ ನೆನಪಾಗುತ್ತದೆ. ಹಳೇ ದಾವಣಗೆರೆಯ ಓಣಿಗಳಲ್ಲಿ, ಹರಿಹರೇಶ್ವರ ದೇವಸ್ಥಾನದ ಆಸುಪಾಸಿನ ಬೀದಿಗಳಲ್ಲಿ ಅಂತಹ ಮನೆಗಳು ಒಂದೊಂದಾಗಿ ಆರ್‌ಸಿಸಿ ಕಟ್ಟಡಗಳಿಗೆ ಜಾಗ ಬಿಟ್ಟುಕೊಡುತ್ತಿವೆ.

ಹರಿಹರದ ನಮ್ಮ ಅಜ್ಜನ ಮನೆಯೂ ಅಂತಹದ್ದೇ. ಅಡಿಗಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಅದರ ಮೇಲೆ ಬಿದಿರಿನ ದಬ್ಬೆ, ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಮಾಳಿಗೆ. ಗೋಡೆಯೊಳಗೂ ಕಂಬಗಳಿದ್ದುದರಿಂದ ಮಾಳಿಗೆಯ ಭಾರವನ್ನೆಲ್ಲ ಮರವೇ ಹೊರುತ್ತಿತ್ತು. ಒಂದು ಮಳೆಗಾಲದಲ್ಲಿ ಹಿತ್ತಲ ಕಡೆಯ ಮಣ್ಣಿನ ಗೋಡೆ ನೆನೆದು ಕುಸಿಯಿತು. ಮಾಳಿಗೆ ಮಾತ್ರ ಒಂದಿಂಚೂ ಅಲುಗಲಿಲ್ಲ. ‘ಗೋಡೆ ಬಿದ್ರೆ ಕಟ್ಕೋಬಹುದು, ಕಂಬ ಗಟ್ಟಿ ಇರ್ಬೇಕಷ್ಟೆ’ ಎಂದು ಅಜ್ಜ ಮಾರನೆಯ ದಿನವೇ ಮಣ್ಣು ಕಲಸಲು ನಿಂತಿದ್ದರು.

ಇದು ಬರೀ ನಮ್ಮೂರಿನ ಜಾಣತನವಲ್ಲ. ಕಾಶ್ಮೀರದಲ್ಲಿ ‘ಧಜ್ಜಿ ದೇವಾರಿ’ ಎಂಬ ಪದ್ಧತಿಯಿದೆ. ಮರದ ಚೌಕಟ್ಟು ಕಟ್ಟಿ ಅದರ ಸಂದುಗಳಲ್ಲಿ ಕಲ್ಲು, ಮಣ್ಣು ತುಂಬುತ್ತಾರೆ. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ಅನೇಕ ಕಲ್ಲಿನ, ಕಾಂಕ್ರೀಟಿನ ಕಟ್ಟಡಗಳು ನೆಲಕಚ್ಚಿದಾಗ ಈ ಮನೆಗಳು ಅವುಗಳಿಗಿಂತ ಚೆನ್ನಾಗಿ ತಾಳಿಕೊಂಡವು. ಮರ ಬಾಗುತ್ತದೆ, ಕೂಡಿಸಿದ ಜಾಗಗಳು ತುಸು ಸಡಿಲಗೊಂಡು ಅದುರನ್ನು ಹೀರಿಕೊಳ್ಳುತ್ತವೆ.

ಅಜ್ಜನ ನಂತರ ಮನೆ ಪಾಲಿಗೆ ಬಂತು. ಕೆಡವಿ ಆರ್‌ಸಿಸಿ ಹಾಕೋಣವೆಂದು ಚಿಕ್ಕಪ್ಪ ಹೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಪ್ರತಿ ವರ್ಷ ಮಳೆಗೆ ಮುಂಚೆ ಏಣಿ ಹತ್ತಿ ಮಾಳಿಗೆಗೆ ಮಣ್ಣು ಹಾಕುವವರು ಯಾರು? ಸೋರಿದಾಗ ರಾತ್ರಿಯೆಲ್ಲ ಪಾತ್ರೆ ಇಡುವವರು ಯಾರು? ಬೆಳೆದ ಇಬ್ಬರು ಗಂಡುಮಕ್ಕಳಿಗೆ ಮೇಲೊಂದು ಮಹಡಿ ಬೇಡವೇ? ಮಣ್ಣಿನ ಗೋಡೆಯ ಮನೆಗೆ ದುರಸ್ತಿ ಸಾಲ ಕೊಡಲು ನಾವು ಹೋದ ಬ್ಯಾಂಕಿನವರೂ ಒಪ್ಪಲಿಲ್ಲ. ಆದರೆ ಮನೆ ಕೆಡವುವ ಸುದ್ದಿ ಹಬ್ಬಿದ್ದೇ ತಡ, ಗುತ್ತಿಗೆದಾರನಿಗಿಂತ ಮೊದಲು ಬಾಗಿಲಿಗೆ ಬಂದವನು ಹಳೆ ಮರದ ವ್ಯಾಪಾರಿ! ಮನೆಗೆ ಬೆಲೆಯಿಲ್ಲ ಎಂದು ನಾವು ಮಾತಾಡಿಕೊಳ್ಳುತ್ತಿದ್ದಾಗ ಆತ ಕಂಬಗಳನ್ನು ತಟ್ಟಿ ತಟ್ಟಿ ಬೆಲೆ ಕಟ್ಟುತ್ತಿದ್ದ.

ಹಾಗೆಂದು ಎಲ್ಲರೂ ಮರದ ಮನೆ ಕಟ್ಟಿರೆಂದು ಹೇಳಲಾರೆ. ಮರ ಎಲ್ಲಿಂದ ಬರಬೇಕು? ಆ ಪ್ರಶ್ನೆಯ ಬಿಸಿ ಹರಿಹರದವರಿಗೆ ಗೊತ್ತು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಮರವನ್ನು ಅರೆದು, ಬಟ್ಟೆಯ ನೂಲಿಗೆ ಬೇಕಾದ ತಿರುಳು ಮಾಡುತ್ತದೆ. ಅದಕ್ಕೆ ನೀಲಗಿರಿ ಬೆಳೆಸಲೆಂದು 1984ರಲ್ಲಿ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ಕೊಡುವ ಯೋಜನೆಯಿತ್ತು. ಜಾನುವಾರು ಮೇಯುವ, ಸೌದೆ ಆಯುವ ಜಾಗ ಹೋಗುತ್ತದೆಂದು ಜನ ಎದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಜನರಿಗೆ ಉಪಯೋಗವಾಗುವ ಸಸಿ ನೆಟ್ಟರು. 1991ರಲ್ಲಿ ಆ ಸಂಸ್ಥೆಯೇ ಮುಚ್ಚಿತು. ಮರದ ಮನೆಯನ್ನು ಮೆಚ್ಚುವವರು ಈ ಪಾಠ ಮರೆಯಬಾರದು. ಕಾಡಿನ ಮರಕ್ಕೆ ಕೈಹಾಕುವ ಮೊದಲು ಮನೆಯಲ್ಲಿರುವ ಮರವನ್ನು ಉಳಿಸಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಕಡೆಗೆ ಒಂದು ಹೊಂದಾಣಿಕೆಯಾಯಿತು. ಬೀದಿ ಕಡೆಯ ಎರಡು ಅಂಕಣ ಉಳಿದವು. ಹಿಂಭಾಗದಲ್ಲಿ ಚಿಕ್ಕಪ್ಪನ ಆರ್‌ಸಿಸಿ ಮನೆ ಎದ್ದಿತು. ಬಿಚ್ಚಿದ ತೊಲೆಗಳೇ ಅದರ ಬಾಗಿಲು, ಕಿಟಕಿಗಳಾದವು. ಏಪ್ರಿಲ್ ಬಿಸಿಲಿನ ಮಧ್ಯಾಹ್ನ ಚಿಕ್ಕಪ್ಪ ಮಲಗಲು ಬರುವುದು ಮಾತ್ರ ಮುಂದಿನ ಪಡಸಾಲೆಗೇ.

ನಿಮ್ಮ ಮನೆಯಲ್ಲೂ ಇಂತಹ ಕಂಬಗಳಿದ್ದರೆ ವ್ಯಾಪಾರಿಯನ್ನು ಕರೆಯುವ ಮುನ್ನ ಒಬ್ಬ ಅನುಭವಿ ಬಡಗಿಯನ್ನು ಕರೆಯಿರಿ. ಗೆದ್ದಲು ಹಿಡಿಯುವುದು ಹೆಚ್ಚಾಗಿ ಕಂಬದ ಬುಡಕ್ಕೆ, ತೊಲೆ ಕೊಳೆಯುವುದು ನೀರು ಸೋರಿದ ಕಡೆ. ಅಷ್ಟನ್ನು ಸರಿಪಡಿಸಿದರೆ ಉಳಿದದ್ದು ಇನ್ನೊಂದು ತಲೆಮಾರಿಗೆ ನೆರಳಾದೀತು. ಮಾರಿದ ಹಣ ಒಂದು ಮದುವೆಗೂ ಸಾಲದು.